ಗೀಕ್ ಸಿನಿಮಾ ಅಂದ್ರೆ ಯಾವುದು? ಶನಿವಾರದೊಳಗೆ ಒಂದು ಆರಿಸಿಕೊಡಿ

ಅಂತರಗಂಗೆ ಅಲೆಮಾರಿ
ಎಲ್ಲರಿಗೂ ನಮಸ್ಕಾರ. ನಾವು ಕೋಲಾರದಲ್ಲಿ ಏಳೆಂಟು ಜನ ತಿಂಗಳಿಗೊಮ್ಮೆ ನಮ್ಮ ಮನೆ ಮಹಡಿ ಮೇಲೆ ಪ್ರೊಜೆಕ್ಟರ್ ಇಟ್ಟು ಸಿನಿಮಾ ನೋಡುತ್ತೇವೆ. ಅಪ್ಪನ ಬಿಳಿ ಪಂಚೆಯೇ ಪರದೆ. ಈ ಸಲ "ಗೀಕ್ ಸಿನಿಮಾ ಹಾಕೋಣ" ಅಂತ ಒಬ್ಬ ಹೇಳಿದ. ಅಲ್ಲಿಂದ ಶುರುವಾದ ಜಗಳ ಇನ್ನೂ ನಿಂತಿಲ್ಲ.

ಅವನು ಹಾಕೋಣ ಅಂದಿದ್ದು ಅವೆಂಜರ್ಸ್. ನನಗೆ ನಗು ಬಂತು. 2008ರಲ್ಲಿ ಆ ಸರಣಿಯ ಮೊದಲ ಸಿನಿಮಾ ಐರನ್ ಮ್ಯಾನ್ ಬಂದಾಗ ನಾನು ಪಿಯುಸಿ. ಅದರ ಬಗ್ಗೆ ಮಾತಾಡೋಕೆ ಇಡೀ ಕ್ಲಾಸಲ್ಲಿ ಇದ್ದದ್ದು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನನ್ನ ಸಿಡಿ ಇಸ್ಕೊಂಡು ಇವತ್ತಿನವರೆಗೂ ವಾಪಸ್ ಕೊಡದವನು. ಈಗ ನೋಡಿ, ಹೋದ ವಾರ ದೋಸೆ ತಿನ್ನುವಾಗ ನಮ್ಮಮ್ಮ ಹೇಳುತ್ತಾರೆ, "ಏನೋ ಇದು, ಥಾನೋಸ್ ಥರ ಅರ್ಧ ಚಟ್ನಿ ಮಾಯ ಮಾಡಿಬಿಟ್ಟೆ!" ಚಿಟಿಕೆ ಹೊಡೆದು ಅರ್ಧ ಜಗತ್ತು ಮಾಯ ಮಾಡುವ ಅವೆಂಜರ್ಸ್ ವಿಲನ್ ಥಾನೋಸ್ ಅಮ್ಮನ ಬಾಯಲ್ಲಿ ಬಂದ ಮೇಲೆ ಅದು ಇನ್ನೆಲ್ಲಿಯ ಗೀಕ್?

ಹಾಗಾದರೆ ಯಾವುದು? ವಿಜ್ಞಾನ ಇರಬೇಕಾ? ಕಂಪ್ಯೂಟರ್ ಇರಬೇಕಾ? ಯಾರಿಗೂ ಅರ್ಥ ಆಗಬಾರದಾ? ಶನಿವಾರ ಸಂಜೆ 7ಕ್ಕೆ ಶೋ. ಬೇಗ ಹೇಳಿ.

ಟೊಮೆಟೊ ಬಾಕ್ಸ್
ಮೊದಲು ಚಟ್ನಿ ಯಾವುದು ಹೇಳಿ. ಕಡಲೆಬೀಜದ್ದಾದರೆ ಅರ್ಧ ಖಾಲಿ ಮಾಡಿದ್ದು ತಪ್ಪಲ್ಲ.

ಮಾಲೂರು ಮೇಷ್ಟ್ರು
ಪದದಿಂದಲೇ ಶುರು ಮಾಡೋಣ. ಗೀಕ್ ಅನ್ನೋದು ಹಿಂದೆ ಬೈಗುಳ. ನೂರು ವರ್ಷದ ಹಿಂದೆ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ತೋರಿಸಿ ಕಾಸು ಎತ್ತುತ್ತಿದ್ದವನನ್ನು ಹಾಗೆ ಕರೆಯುತ್ತಿದ್ದರು. ಆಮೇಲೆ ಯಾರ ಜೊತೆಗೂ ಬೆರೆಯದೆ ಕಂಪ್ಯೂಟರ್ ಮುಂದೆ ಕೂರುವ ಹುಡುಗರನ್ನು ರೇಗಿಸೋಕೆ ಬಂತು. ಈಗ ಅದನ್ನೇ ಟೀ ಶರ್ಟ್ ಮೇಲೆ ಬರೆಸಿಕೊಂಡು ಓಡಾಡುತ್ತಾರೆ.

ನಮ್ಮ ಹತ್ತಿರ ಇದಕ್ಕೆ ಪದ ಇಲ್ಲದೆ ಇಲ್ಲ. ಪರೀಕ್ಷೆಗೆ ಅಂತ ಓದುವವನು ಕುಡುಮಿ. ಯಾರೂ ಕೇಳದಿದ್ದರೂ ಒಂದನ್ನೇ ಹಿಡಿದುಕೊಂಡು ಬಿಡದವನಿಗೆ ಇರುವುದು ಗೀಳು. ಗೀಕ್‌ಗೂ ಗೀಳಿಗೂ ರಕ್ತಸಂಬಂಧ ಏನಿಲ್ಲ, ಹೆಸರು ಕೇಳಿದರೆ ಮಾತ್ರ ದಾಯಾದಿಗಳ ಥರ ಇವೆ. ನನ್ನ ಲೆಕ್ಕದಲ್ಲಿ ಮಾಡಿದವನ ಗೀಳು ಪರದೆ ಮೇಲೆ ಕಂಡರೆ ಅದು ಗೀಕ್ ಸಿನಿಮಾ. ಒಳಗೆ ರಾಕೆಟ್ ಇರಲಿ, ರಾಗಿ ಮುದ್ದೆ ಇರಲಿ.

7.10ರ ಪ್ಯಾಸೆಂಜರ್
ಮೇಷ್ಟ್ರೇ, ಅಷ್ಟು ಸಡಿಲ ಬಿಟ್ಟರೆ ಎಲ್ಲವೂ ಒಳಗೆ ಬಂದುಬಿಡುತ್ತೆ. ಮಚ್ಚಿನ ಮೇಲೆ ಗೀಳು ಇರುವ ಡೈರೆಕ್ಟರ್‌ಗಳು ಎಷ್ಟು ಜನ ಇಲ್ಲ!

ನಾನು ಸರ್ವರ್ ನೋಡಿಕೊಳ್ಳುವ ಕೆಲಸದವನು. ನನಗೆ ಅಳತೆಗೋಲು ಒಂದೇ, ವಿವರ ಸರಿ ಇದೆಯಾ ಇಲ್ವಾ. ಸಿನಿಮಾದಲ್ಲಿ ಹ್ಯಾಕರ್ ಅಂದರೆ ಸಾಮಾನ್ಯವಾಗಿ ಏನು? ಹಸಿರು ಅಕ್ಷರ ಮಳೆ ಥರ ಸುರಿಯುತ್ತೆ, ಹೀರೋ ಕೀಬೋರ್ಡ್ ಮೇಲೆ ತಬಲಾ ಬಾರಿಸುತ್ತಾನೆ, "ಒಳಗೆ ಹೋದೆ" ಅಂತಾನೆ. ಆದರೆ 2003ರ ಮ್ಯಾಟ್ರಿಕ್ಸ್ ರೀಲೋಡೆಡ್‌ನಲ್ಲಿ ಟ್ರಿನಿಟಿ ಕೂತು ಟೈಪ್ ಮಾಡುವುದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಅದು ಎನ್‌ಮ್ಯಾಪ್. ನಿಜವಾದ ಟೂಲ್. ಯಾವ ಪೋರ್ಟ್, ಅಂದರೆ ಕಂಪ್ಯೂಟರಿನ ಯಾವ ಬಾಗಿಲು, ತೆರೆದಿದೆ ಅಂತ ಹುಡುಕೋಕೆ ನಾನೂ ಆಫೀಸಲ್ಲಿ ಬಳಸುತ್ತೇನೆ. ಆಮೇಲೆ ಅವಳು ನುಗ್ಗುವ ದಾರಿ ಇದೆಯಲ್ಲ, ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗೋಕೆ ಬಳಸುವ ಎಸ್‌ಎಸ್‌ಎಚ್‌ನಲ್ಲಿ ನಿಜವಾಗಲೂ ಇದ್ದ ತೂತು ಅದು. ಎರಡೇ ಎರಡು ಸೆಕೆಂಡಿನ ದೃಶ್ಯ. ಥಿಯೇಟರ್‌ನಲ್ಲಿ ಸಾವಿರ ಜನರಿಗೆ ಅದು ಸುಮ್ನೆ ಅಕ್ಷರ. ಒಬ್ಬನಿಗೆ ಮಾತ್ರ ಮೈ ಜುಮ್ ಅನ್ನುತ್ತೆ. ಆ ಒಬ್ಬನಿಗಾಗಿ ಕಷ್ಟಪಟ್ಟರಲ್ಲ, ಅದು ಗೀಕ್.

ಮುಳಬಾಗಿಲು ದೋಸೆ
ಎರಡು ಸೆಕೆಂಡಿಗೆ ಇಡೀ ಸಿನಿಮಾ ಗೀಕ್ ಆಗುತ್ತಾ? ಹಾಗಾದರೆ ಜುರಾಸಿಕ್ ಪಾರ್ಕ್‌ನಲ್ಲಿ ಆ ಹುಡುಗಿ "ಇದು ಯೂನಿಕ್ಸ್, ನನಗೆ ಗೊತ್ತು" ಅಂತ ಕಂಪ್ಯೂಟರ್ ಪರದೆಯಲ್ಲಿ ಡಬ್ಬಿ ಡಬ್ಬಿ ಮೇಲೆ ಹಾರಾಡುತ್ತಾಳಲ್ಲ, ಅದು? ಪೂರಾ ಬುರುಡೆ.

7.10ರ ಪ್ಯಾಸೆಂಜರ್
ಅಣ್ಣ, ಅಲ್ಲೇ ಎಡವಿದಿರಿ. ಅದೂ ನಿಜವೇ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಮಷೀನ್‌ಗಳಲ್ಲಿ ಫೈಲ್‌ಗಳನ್ನು ಹಾಗೆ ಮೂರು ಆಯಾಮದಲ್ಲಿ ತೋರಿಸುವ ಪ್ರೋಗ್ರಾಮ್ ಇತ್ತು. 1993ರಿಂದ ಜನ ಆಡಿಕೊಂಡು ನಗುತ್ತಲೇ ಇದ್ದಾರೆ, ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು.

ಮುಳಬಾಗಿಲು ದೋಸೆ
ಸರಿ ಬಿಡಪ್ಪ, ಮಾತು ವಾಪಸ್.

ಸುಬ್ಬಿ ಪ್ರೊಸೆಸರ್
"ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು." ಈ ಸಾಲನ್ನು ಫ್ರೇಮ್ ಹಾಕಿಸಬೇಕು.

ಯಾಕೆ ಅಂತೀರಾ? ಕಾಲೇಜಿನಲ್ಲಿ ನಾನು ಬ್ಯಾಟ್‌ಮ್ಯಾನ್ ಟೀ ಶರ್ಟ್ ಹಾಕಿದ ದಿನ ಮೂರು ಜನ ಹುಡುಗರು ನನಗೆ ವೈವಾ ತಗೊಂಡರು. "ಬ್ಯಾಟ್‌ಮ್ಯಾನ್ ಜೊತೆಗಾರ ರಾಬಿನ್ ಆದವರು ಎಷ್ಟು ಜನ ಹೇಳು ನೋಡೋಣ?" ನಾನು ಹೇಳಿದೆ. ಆಮೇಲೆ ನಾನೊಂದು ವಾಪಸ್ ಕೇಳಿದೆ, ಮೂವರಿಗೂ ಬರಲಿಲ್ಲ. ಅದೇ ಟೀ ಶರ್ಟ್ ಹಾಕಿದ್ದ ನಮ್ಮ ತಮ್ಮನಿಗೆ ಆ ಹೀರೋ ಹೆಸರೇ ಗೊತ್ತಿರಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಈ "ಅಮ್ಮನಿಗೆ ಗೊತ್ತಾದರೆ ಗೀಕ್ ಅಲ್ಲ" ಅನ್ನೋದು ಕೂಡ ಅದೇ ವೈವಾ ಅಲ್ವಾ, ಅಲೆಮಾರಿ ಅವರೇ? ನಿಮಗೆ ಸಿಟ್ಟು ಸಿನಿಮಾ ಮೇಲಲ್ಲ. ನಿಮ್ಮ ಗುಟ್ಟು ಎಲ್ಲರಿಗೂ ಗೊತ್ತಾಯಿತಲ್ಲ, ಅದರ ಮೇಲೆ.

ಅಂತರಗಂಗೆ ಅಲೆಮಾರಿ
ಅಕ್ಕ, ನೇರವಾಗಿ ಹೊಟ್ಟೆಗೇ ಹೊಡೆದಿರಿ. ಸ್ವಲ್ಪ ನಿಜ ಇದೆ. ಆದರೂ ಒಂದು ಮಾತು. 2019ರ ಏಪ್ರಿಲ್‌ನಲ್ಲಿ ಎಂಡ್‌ಗೇಮ್‌ಗೆ ಟಿಕೆಟ್ ಸಿಗದೆ ಒದ್ದಾಡಿದಾಗ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಅವೆಂಜರ್ಸ್ ಸರಣಿಯಲ್ಲಿ ಅದಕ್ಕೆ ಹಿಂದಿನ ಇಪ್ಪತ್ತೊಂದೂ ಸಿನಿಮಾ ಸಾಲಾಗಿ ನೋಡಿದವನು ನಾನು. ಪಕ್ಕದಲ್ಲಿ ಕೂತವನು "ಈ ಕರಡಿ ಯಾರು?" ಅಂತ ಕೇಳುತ್ತಿದ್ದ. ಅದು ರಕೂನ್ ಸ್ವಾಮಿ!

ಶ್ರೀನಿವಾಸಪುರ ಮಾವು
ಆ "ಕರಡಿ" ಅಂದವನು ನಾನೇ ಇರಬಹುದು. ನಾನು ನೋಡಿದ್ದು ತೆಲುಗಿನಲ್ಲಿ. ಎಂಡ್‌ಗೇಮ್ ನಮ್ಮಲ್ಲಿ ಬಂದಿದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಮಾತ್ರ. ಗಡಿಭಾಗದವರಿಗೆ ತೆಲುಗು ಕಷ್ಟ ಇಲ್ಲ, ಅದು ಬೇರೆ ಮಾತು. ಇಂಥದ್ದನ್ನು ಕನ್ನಡದಲ್ಲಿ ಕೇಳುವ ಭಾಗ್ಯ ನನಗೆ ಸಿಕ್ಕಿದ್ದು 2023ರಲ್ಲಿ, ಕಾರ್ಟೂನ್ ಸ್ಪೈಡರ್‌ಮ್ಯಾನ್ ಇಂಗ್ಲಿಷೂ ಸೇರಿ ಹತ್ತು ಭಾಷೆಯಲ್ಲಿ ಭಾರತದಲ್ಲಿ ಒಟ್ಟಿಗೆ ಬಂದಾಗ. ಅದನ್ನೇ ಹಾಕಿ ನೋಡೋಣ.

ರಾಬರ್ಟ್‌ಸನ್‌ಪೇಟೆ ವಿಸಿಆರ್
ನೀವೆಲ್ಲ ನಿನ್ನೆ ಮೊನ್ನೆಯವರು. ನಾನು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲದವನು. ಗೀಕ್ ಅಂದರೆ ಯಾರು ಅಂತ ಅಂಗಡಿಯಲ್ಲಿ ಕೂತೇ ಗೊತ್ತಾಗುತ್ತಿತ್ತು. ಕ್ಯಾಸೆಟ್ ವಾಪಸ್ ಬಂದಾಗ ಟೇಪ್ ಒಂದೇ ಜಾಗದಲ್ಲಿ ಸವೆದಿರುತ್ತೆ. ಟೀವಿಯಲ್ಲಿ ಹಾಕಿದರೆ ಆ ಜಾಗಕ್ಕೆ ಬಂದ ತಕ್ಷಣ ಬಿಳಿ ಗೆರೆ ಓಡುತ್ತೆ. ಅಂದರೆ ಯಾವನೋ ಅದೇ ದೃಶ್ಯವನ್ನು ಹಿಂದೆ ಮುಂದೆ ಮಾಡಿ ಐವತ್ತು ಸಲ ನೋಡಿದ್ದಾನೆ ಅಂತ ಅರ್ಥ.

(ಕೆಲವು ಕ್ಯಾಸೆಟ್‌ಗಳಲ್ಲಿ ಗೆರೆ ಬೇರೆ ಕಾರಣಕ್ಕೆ ಬರುತ್ತಿತ್ತು. ಅದು ಇಲ್ಲಿ ಬೇಡ.)

ಆದಿತ್ಯ 369 ಕ್ಯಾಸೆಟ್ ಮಾತ್ರ ನಾನು ಎರಡು ಸಲ ಹೊಸದು ತರಿಸಿದೆ. 1991ರ ತೆಲುಗು ಸಿನಿಮಾ. ಟೈಮ್ ಮಷೀನ್ ಹತ್ತಿ ಕೃಷ್ಣದೇವರಾಯನ ಕಾಲಕ್ಕೆ ಹೋಗಿ, ಅಲ್ಲಿಂದ 2504ನೇ ಇಸವಿಗೆ ಹೋಗುತ್ತಾರೆ. ಮಾಡಿದವರು ಸಿಂಗೀತಂ ಶ್ರೀನಿವಾಸರಾವ್. ಕನ್ನಡದಲ್ಲಿ ಹಾಲು ಜೇನು ಮಾಡಿದವರೂ ಅವರೇ, ಮಾತೇ ಇಲ್ಲದ ಪುಷ್ಪಕ ವಿಮಾನ ಮಾಡಿದವರೂ ಅವರೇ. ಕೋಲಾರದ ಮಹಡಿಗೆ ಇದಕ್ಕಿಂತ ಹೊಂದುವ ಗೀಕ್ ಸಿನಿಮಾ ಇನ್ನೊಂದಿಲ್ಲ.

ಟೊಮೆಟೊ ಬಾಕ್ಸ್
ವಿಸಿಆರ್ ಅಣ್ಣ, "ಬೇರೆ ಕಾರಣ" ಸ್ವಲ್ಪ ಬಿಡಿಸಿ ಹೇಳಿ.

ಮಾಲೂರು ಮೇಷ್ಟ್ರು
ಬಾಕ್ಸ್, ಮಕ್ಕಳೂ ಓದುತ್ತಾರೆ ಇಲ್ಲಿ.

ಗಾಂಧಿನಗರ ಗಿರಾಕಿ
ಎಲ್ಲರೂ ಹಾಲಿವುಡ್, ಟಾಲಿವುಡ್. ಕನ್ನಡದವರು ಎಲ್ಲಿ ಹೋದರು? ಉಪ್ಪಿಯ "ಎ" ಮರೆತುಬಿಟ್ಟಿರಾ? ಕೊನೆಯಿಂದ ಮೊದಲಿಗೆ ಕಥೆ ಹೇಳುತ್ತೆ. ಮೊದಲ ಸಲ ನೋಡಿದಾಗ ಅರ್ಥ ಆಗದೆ ಮಾರನೇ ದಿನ ಮತ್ತೆ ಹೋದವರು ನಮ್ಮ ಬೀದಿಯಲ್ಲೇ ಆರು ಜನ.

ಮುಳಬಾಗಿಲು ದೋಸೆ
ಅದು ಮೆಮೆಂಟೊ ನೋಡಿ ಮಾಡಿದ್ದಲ್ವಾ?

ಗಾಂಧಿನಗರ ಗಿರಾಕಿ
ದೋಸೆ, ಇವತ್ತು ನಿಮ್ಮ ದಿನ ಅಲ್ಲ. "ಎ" 1998. ಮೆಮೆಂಟೊ 2000. ಟೈಮ್ ಮಷೀನ್ ಇದ್ದಿದ್ದರೆ ಮಾತ್ರ ಆಗುತ್ತಿತ್ತು. ಇನ್ನೂ ಬೇಕಾ? ರೋಬೋಟ್ ಅಂದರೆ ಎಲ್ಲರೂ 2010ರ ರಜನಿ ಸಿನಿಮಾ ಹೇಳುತ್ತಾರೆ, ನಮ್ಮ "ಹಾಲಿವುಡ್"ನಲ್ಲಿ ಉಪ್ಪಿ ರೋಬೋಟ್ ಆಗಿದ್ದು 2002ರಲ್ಲಿ. ಲೂಸಿಯಾ 2013ರಲ್ಲಿ ಜನರಿಂದಲೇ ದುಡ್ಡು ಎತ್ತಿ ಮಾಡಿದ್ದು. ಬ್ಲಿಂಕ್ 2024ರಲ್ಲಿ ಬಂದ ಟೈಮ್ ಟ್ರಾವೆಲ್. ನಮ್ಮವರು ಹಿಂದೆ ಬಿದ್ದಿಲ್ಲ ಸ್ವಾಮಿ, ನಮ್ಮ ನೆನಪು ಹಿಂದೆ ಬಿದ್ದಿದೆ.

ಮುಳಬಾಗಿಲು ದೋಸೆ
ಇನ್ನು ಮೇಲೆ ಇಸವಿ ನೋಡದೆ ಬಾಯಿ ಬಿಡಲ್ಲ.

ಚಾಂಪಿಯನ್ ರೀಫ್ ಮೊಮ್ಮಗ
ನಮ್ಮ ತಾತನ ವಿಷಯ ಹೇಳುತ್ತೇನೆ. ಅವರು ಗಣಿಯಲ್ಲಿ ವೈಂಡಿಂಗ್ ಎಂಜಿನ್ ಓಡಿಸುತ್ತಿದ್ದವರು. ಆಳುಗಳನ್ನು ಕೆಳಗೆ ಬಿಡುವ, ಮೇಲೆ ಎಳೆಯುವ ಕೇಜ್ ಇರುತ್ತಲ್ಲ, ಅದರ ಎಂಜಿನ್. ಕೆಳಗೆ ಏನಾಗುತ್ತಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ಗಂಟೆ ಶಬ್ದ ಮಾತ್ರ ಕೇಳುತ್ತಿತ್ತು. ಇಳಿಸೋಕೆ ಇಷ್ಟು, ನಿಲ್ಲಿಸೋಕೆ ಇಷ್ಟು, ಒಳಗೆ ಆಳಿದ್ದಾರೆ ನಿಧಾನ ಅನ್ನೋಕೆ ಇಷ್ಟು. ಒಂದು ಗಂಟೆ ಲೆಕ್ಕ ತಪ್ಪಿದರೆ ಪ್ರಾಣ ಹೋಗುತ್ತೆ.

2018ರ ಕೊನೆಯಲ್ಲಿ ಕೆಜಿಎಫ್ ಬಂದಾಗ ಅವರನ್ನೂ ಕರೆದುಕೊಂಡು ಹೋದೆ. ಜನ ಸೀಟಿ ಹೊಡೆಯುತ್ತಿದ್ದಾರೆ, ಪೇಪರ್ ಎಸೆಯುತ್ತಿದ್ದಾರೆ. ತಾತ ಮಾತ್ರ ಕಿವಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಹೊರಗೆ ಬಂದ ಮೇಲೆ ಕೇಳಿದೆ, ಹೇಗಿತ್ತು ತಾತ? "ಫೈಟಿಂಗ್ ಚೆನ್ನಾಗಿದೆ. ಗಂಟೆ ಎಲ್ಲಿ?" ಅಷ್ಟೇ. ಮನೆಗೆ ಬಂದು ಊಟದ ತಟ್ಟೆ ಮೇಲೆ ಚಮಚದಲ್ಲಿ ಹೊಡೆದು ತೋರಿಸಿದರು. ಟಣ್ ಟಣ್, ನಿಲ್ಲಿಸಿ, ಮತ್ತೆ ಟಣ್. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಹದಿನೇಳು ವರ್ಷ ಆದ ಮೇಲೂ ಕೈಗೆ ಲೆಕ್ಕ ತಪ್ಪಿರಲಿಲ್ಲ.

ಅವರಿಗೆ ಗೀಕ್ ಅನ್ನೋ ಪದ ಗೊತ್ತಿರಲಿಲ್ಲ.

ಸುಬ್ಬಿ ಪ್ರೊಸೆಸರ್
ಈ ಥ್ರೆಡ್ ಇಲ್ಲಿಗೇ ಲಾಕ್ ಮಾಡಿದರೂ ನನಗೆ ಬೇಜಾರಿಲ್ಲ.

ಮಾಲೂರು ಮೇಷ್ಟ್ರು
ಮೊಮ್ಮಗ, ಆ ಗಂಟೆ ಲೆಕ್ಕ ಬರೆದಿಟ್ಟುಕೊಂಡಿದ್ದೀಯಾ? ಇಲ್ಲದಿದ್ದರೆ ಇವತ್ತೇ ಬರಿ.

ಅದೇ ಗಣಿಯ ಇನ್ನೊಂದು ಕಥೆ ಸಿನಿಮಾದವರ ಕಣ್ಣಿಗೆ ಬಿದ್ದೇ ಇಲ್ಲ. 1965ರಲ್ಲಿ ಅಲ್ಲಿ 2 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಅನ್ನೋ ಅತಿ ಚಿಕ್ಕ ಕಣ ಹಿಡಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪ್ರಯೋಗ. ಆಕಾಶದಿಂದ ಬೀಳುವ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆದುಬಿಡುತ್ತೆ. ನ್ಯೂಟ್ರಿನೊ ಮಾತ್ರ ಯಾವ ಬಂಡೆಗೂ ಜಗ್ಗಲ್ಲ, ಹಾಗಾಗಿ ಅಷ್ಟು ಆಳಕ್ಕೆ ಹೋಗಿ ಕಾಯಬೇಕು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಸಿಕ್ಕಿತು. ಪ್ರಪಂಚದ ಎರಡು ಮೂಲೆಯ ಎರಡು ಚಿನ್ನದ ಗಣಿ, ಎರಡರಲ್ಲೂ ಚಿನ್ನ ಬಿಟ್ಟು ಬೇರೇನೋ ಹುಡುಕುತ್ತಾ ಕೂತ ಜನ. ಮಚ್ಚು ಬೇಡ, ರಕ್ತ ಬೇಡ. ಯಾರಾದರೂ ಮಾಡಬಾರದಾ ಇದನ್ನು?

ಗಾಂಧಿನಗರ ಗಿರಾಕಿ
ಮಾಡಬಹುದು. ಇಂಟರ್ವಲ್‌ಗೆ ಮುಂಚೆ ಒಂದು ನ್ಯೂಟ್ರಿನೊ, ಆಮೇಲೆ ಒಂದು ನ್ಯೂಟ್ರಿನೊ. ಪ್ರೊಡ್ಯೂಸರ್ ಅಳುತ್ತಾನೆ.

ದ್ರಾಕ್ಷಿ ಚಪ್ಪರ
ಗೌರಿಬಿದನೂರಿನ ಕಡೆಯವನು, ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಹಾಜರಿ. ಸಿನಿಮಾದಲ್ಲಿ ರೇಡಿಯೋ ಟೆಲಿಸ್ಕೋಪ್ ಅಂದರೆ ಯಾವಾಗಲೂ ದೊಡ್ಡ ಬಟ್ಟಲು. ನಮ್ಮೂರ ಹತ್ತಿರ ಇರೋದು ಬಟ್ಟಲೇ ಅಲ್ಲ. ಬಯಲಲ್ಲಿ ಟಿ ಆಕಾರದಲ್ಲಿ ಸಾಲು ಸಾಲು ಕಂಬ, ತಂತಿ, 1000 ಡೈಪೋಲ್ ಆಂಟೆನಾ. ಮೊದಲ ಸಲ ನೋಡಿದಾಗ ಯಾರೋ ದ್ರಾಕ್ಷಿಗೆ ಚಪ್ಪರ ಹಾಕಿ ಬಳ್ಳಿ ನೆಡೋದು ಮರೆತಿದ್ದಾರೆ ಅಂದುಕೊಂಡೆ. ಅದಕ್ಕೇ ಈ ಹೆಸರು. ಅಂದಿನಿಂದ ಸಿನಿಮಾದಲ್ಲಿ ಬಟ್ಟಲು ಕಂಡರೆ "ಎಷ್ಟು ಮೆಗಾಹರ್ಟ್ಸ್?" ಅಂತ ಬಾಯಿಗೆ ಬರುತ್ತೆ. ಹೆಂಡತಿ ಈಗ ನನ್ನ ಜೊತೆ ಸಿನಿಮಾಗೆ ಬರಲ್ಲ.

ಟೊಮೆಟೊ ಬಾಕ್ಸ್
ಅತ್ತಿಗೆಗೆ ನನ್ನ ಬೆಂಬಲ.

ಮುಳಬಾಗಿಲು ದೋಸೆ
ಇಸವಿ ನೋಡಿಕೊಂಡೇ ಬಂದಿದ್ದೇನೆ. ಇಂಟರ್‌ಸ್ಟೆಲ್ಲರ್, 2014. ಕಪ್ಪುಕುಳಿ ಹೇಗೆ ಕಾಣಬೇಕು ಅಂತ ಸಮೀಕರಣ ಕೊಟ್ಟವರು ಕಿಪ್ ಥಾರ್ನ್, ಅವರಿಗೆ 2017ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ನೀರಿನ ಗ್ರಹದಲ್ಲಿ 1 ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ಇದನ್ನು ಕೋಟಿಗಟ್ಟಲೆ ಜನ ನೋಡಿದರು, ಅತ್ತರು ಕೂಡ. ಈಗ ಹೇಳಿ, ಜನಪ್ರಿಯ ಆದರೆ ಗೀಕ್ ಅಲ್ವಾ?

ಸುಬ್ಬಿ ಪ್ರೊಸೆಸರ್
ದೋಸೆ ಇವತ್ತು ಗರಿಗರಿ. ಇದೇ ನಾನು ಹೇಳಿದ್ದು. ಲಾರ್ಡ್ ಆಫ್ ದ ರಿಂಗ್ಸ್ ಅನ್ನೋ ಉಂಗುರದ ಕಥೆಯ ಮೂರನೇ ಭಾಗಕ್ಕೆ 11 ಆಸ್ಕರ್ ಬಂತು. ಅದರಿಂದ ಎಲ್ಫ್ ಭಾಷೆಯ ವ್ಯಾಕರಣ ಕಲಿತವನ ಗೀಳೇನು ಕಮ್ಮಿ ಆಯಿತಾ? ಬ್ಲೇಡ್ ರನ್ನರ್ 1982ರಲ್ಲಿ ಓಡಲೇ ಇಲ್ಲ, ಈಗ ಎಲ್ಲರೂ ಹೊಗಳುತ್ತಾರೆ. ಸಿನಿಮಾ ಅದೇ ಇದೆ, ಕ್ಯೂ ಮಾತ್ರ ಉದ್ದ ಆಗಿದೆ.

7.10ರ ಪ್ಯಾಸೆಂಜರ್
ಸುಬ್ಬಿ ಅವರೇ, ಅರ್ಧ ಒಪ್ಪುತ್ತೇನೆ. ಆದರೆ ಈಗಿನ ದೊಡ್ಡ ಸಿನಿಮಾಗಳಲ್ಲಿ ಗೀಳು ಕೂಡ ರೆಡಿಮೇಡ್. "ಇಲ್ಲಿ ಒಂದು ಹಳೇ ಹೆಲ್ಮೆಟ್ ಇಡಿ, ಅಭಿಮಾನಿಗಳು ಕಿರುಚುತ್ತಾರೆ" ಅಂತ ಲೆಕ್ಕ ಹಾಕಿ ಇಡುತ್ತಾರೆ. ಹುಡುಕುವ ಕೆಲಸ ನಮಗೆ ಬಿಡಲ್ಲ. ಸಿನಿಮಾ ಮುಗಿಯುವ ಮುಂಚೆಯೇ "ನೀವು ಗಮನಿಸದ 25 ಸಂಗತಿ" ವಿಡಿಯೋ ಬಂದಿರುತ್ತೆ. ನಾನಿನ್ನೂ ಗಮನಿಸೋಕೆ ಶುರುವೇ ಮಾಡಿಲ್ಲ, ಮಾರಾಯ!

ಅದಕ್ಕೇ ಶನಿವಾರಕ್ಕೆ ನನ್ನ ವೋಟು ಪ್ರೈಮರ್‌ಗೆ. 2004. ಸುಮಾರು 7000 ಡಾಲರ್‌ನಲ್ಲಿ ಮುಗಿಸಿದ್ದು. ಗಣಿತ ಓದಿ ಸಾಫ್ಟ್‌ವೇರ್ ಕೆಲಸ ಮಾಡಿದವನೊಬ್ಬ ತಾನೇ ಬರೆದು, ತಾನೇ ನಟಿಸಿ, ತಾನೇ ಎಡಿಟ್ ಮಾಡಿ, ಸಂಗೀತವನ್ನೂ ತಾನೇ ಹಾಕಿದ. 77 ನಿಮಿಷ. ಇಬ್ಬರು ಎಂಜಿನಿಯರ್‌ಗಳು ಗ್ಯಾರೇಜಿನಲ್ಲಿ ಏನೋ ಮಾಡಲು ಹೋಗಿ ಟೈಮ್ ಮಷೀನ್ ಆಗಿಬಿಡುತ್ತೆ. ಪೆಟ್ಟಿಗೆ ಅಷ್ಟೇ, ಮಿಂಚಿಲ್ಲ, ಗುಡುಗಿಲ್ಲ. ಬೆಳಿಗ್ಗೆ ಪೆಟ್ಟಿಗೆ ಆನ್ ಮಾಡಿಟ್ಟು, ಸಂಜೆ ಒಳಗೆ ಹೋಗಿ ಮಲಗಬೇಕು. 6 ಗಂಟೆ ಹಿಂದೆ ಹೋಗಬೇಕಾದರೆ 6 ಗಂಟೆ ಒಳಗೇ ಬಿದ್ದಿರಬೇಕು.

ಟೊಮೆಟೊ ಬಾಕ್ಸ್
ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೈನಲ್ಲಿ ಹೋದ ಹಾಗೆ. ಎಷ್ಟು ಹೊತ್ತು ಕೂತರೂ ನಿನ್ನೆಯಲ್ಲೇ ಇರುತ್ತೀವಿ.

7.10ರ ಪ್ಯಾಸೆಂಜರ್
ನನ್ನ ಹೆಸರಿಗೆ ಯಾಕೆ ಬರ್ತೀಯ ಗುರು.

ಶ್ರೀನಿವಾಸಪುರ ಮಾವು
ಬಂಗಾರಪೇಟೆ ಅಂದ ತಕ್ಷಣ ನೆನಪಾಯಿತು. ಶೋಗೆ ತಿನ್ನೋಕೆ ಏನು? ಆ ಬಿಳಿ ನೀರಿನ ಪಾನಿಪುರಿ ತರಿಸಿ.

ರಾಬರ್ಟ್‌ಸನ್‌ಪೇಟೆ ವಿಸಿಆರ್
ಪಾನಿಪುರಿ ಪಾರ್ಸಲ್ ಮಾಡೋ ವಸ್ತು ಅಲ್ಲ. ಕೋಲಾರ ಮುಟ್ಟೋ ಹೊತ್ತಿಗೆ ಪುರಿ ಮೆತ್ತಗಾಗುತ್ತೆ.

ಶ್ರೀನಿವಾಸಪುರ ಮಾವು
ಪುರಿ ಬೇರೆ, ನೀರು ಬೇರೆ ಕಟ್ಟಿಸಿದರೆ ಏನೂ ಆಗಲ್ಲ ಅಣ್ಣ. ಅದು ತಿಳಿನೀರು, ನೋಡೋಕೆ ಬರೀ ನೀರು, ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು.

ಗಾಂಧಿನಗರ ಗಿರಾಕಿ
ಹತ್ತು ಪೋಸ್ಟ್ ಪಾನಿಪುರಿ ಮೇಲೆ ಹೋಗುವ ಮುಂಚೆ ವೋಟ್ ಮುಗಿಸಿ. ನನ್ನದು "ಎ".

ಅಂತರಗಂಗೆ ಅಲೆಮಾರಿ
ಲೆಕ್ಕ ಹಾಕಿದೆ. ಪ್ರೈಮರ್ 4, ಆದಿತ್ಯ 369ಕ್ಕೆ 3, "ಎ"ಗೆ 2, ಪಾನಿಪುರಿಗೆ 5. ಪಾನಿಪುರಿ ಗೆದ್ದಿದೆ. ಸಿನಿಮಾ ಪ್ರೈಮರ್. ಆದಿತ್ಯ ಮುಂದಿನ ತಿಂಗಳು, ವಿಸಿಆರ್ ಅಣ್ಣ ಖುದ್ದಾಗಿ ಬರಬೇಕು. ಮೊಮ್ಮಗ, ನೀನೂ ಬಾ.

ಅಂತರಗಂಗೆ ಅಲೆಮಾರಿ (ಭಾನುವಾರ)
ವರದಿ ಒಪ್ಪಿಸುತ್ತಿದ್ದೇನೆ.

ಹನ್ನೊಂದು ಜನ ಬಂದಿದ್ದರು. ಅರ್ಧ ಗಂಟೆಗೆ ಇಬ್ಬರು ಎದ್ದು ಹೋಗಿ ಫೋನ್ ಹಿಡಿದರು. ಐವತ್ತನೇ ನಿಮಿಷಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಎಲ್ಲರೂ ಮನೆಗೆ ಹೊರಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಪ್ಯಾಸೆಂಜರ್, "ತಡೀರಿ, ಇಲ್ಲಿವರೆಗೂ ಪೆಟ್ಟಿಗೆ ಎಷ್ಟು?" ಅಂತ ಕೇಳಿದ. ಒಬ್ಬರು ಎರಡು ಅಂದರು, ಸುಬ್ಬಿ ಅಕ್ಕ ಮೂರು ಅಂದರು. ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಮೆಸುಣ್ಣದಲ್ಲಿ ಮಹಡಿ ನೆಲದ ಮೇಲೆ ಗೆರೆ ಎಳೆಯೋಕೆ ಶುರು ಮಾಡಿದರು. ಇವನು ಇಲ್ಲಿ ಒಳಗೆ ಹೋದ, ಅಲ್ಲಿ ಹೊರಗೆ ಬಂದ, ಹಾಗಾದರೆ ಇಲ್ಲಿ ಇದ್ದವನು ಯಾರು? ಫೋನ್ ಹಿಡಿದಿದ್ದ ಇಬ್ಬರೂ ವಾಪಸ್ ಬಂದು ಜಗಳಕ್ಕೆ ಸೇರಿದರು. ಕರೆಂಟ್ ಬಂದಾಗ ಯಾರಿಗೂ ಗೊತ್ತೇ ಆಗಲಿಲ್ಲ. ಉಳಿದ ಸಿನಿಮಾ ಮುಗಿಸಿದ್ದು ಹನ್ನೊಂದೂವರೆಗೆ.

ಬೆಳಿಗ್ಗೆ ಅಮ್ಮ ಬಟ್ಟೆ ಒಣಗಿಸೋಕೆ ಮೇಲೆ ಹೋದವರು ಅಲ್ಲಿಂದಲೇ ಕೂಗಿದರು. ಬೈಗುಳ ತಿನ್ನೋಕೆ ರೆಡಿಯಾಗಿ ಹೋದೆ. ಬಕೆಟ್ ಪಕ್ಕಕ್ಕಿಟ್ಟು, ಸೊಂಟಕ್ಕೆ ಕೈ ಕೊಟ್ಟು ಗೆರೆಗಳನ್ನೇ ನೋಡುತ್ತಿದ್ದರು.

"ಯಾರೋ ಇದು ಹಾಕಿದ್ದು? ಈ ಗೆರೆ ಹೋಗಿ ವಾಪಸ್ ಬಂದಿದೆ, ಇದು ಬಂದಿಲ್ಲ. ಮಧ್ಯದಲ್ಲಿ ಒಂದು ಚುಕ್ಕಿ ಬಿಟ್ಟಿದ್ದೀರ."

ಪ್ಯಾಸೆಂಜರ್‌ಗೆ ಫೋಟೋ ಕಳಿಸಿದೆ. ಅಮ್ಮ ತೋರಿಸಿದ ಜಾಗದಲ್ಲೇ ಅವನ ಲೆಕ್ಕದಲ್ಲಿ ಒಂದು ಪೆಟ್ಟಿಗೆ ಕಮ್ಮಿ ಇತ್ತಂತೆ.

ಸುಬ್ಬಿ ಪ್ರೊಸೆಸರ್
ಮೂರು ಅಂತ ನಾನು ಹೇಳಿರಲಿಲ್ವಾ? ಮುಂದಿನ ತಿಂಗಳು ಅಮ್ಮನಿಗೆ ಮುಂದಿನ ಕುರ್ಚಿ ಹಾಕಿ.

ಟೊಮೆಟೊ ಬಾಕ್ಸ್
ಪಾನಿಪುರಿ ಮೆತ್ತಗಾಗಿತ್ತಾ ಇಲ್ವಾ, ಅದನ್ನು ಯಾರೂ ಹೇಳಲಿಲ್ಲ.